ಹಿತ್ತಲ ಬಾಗಿಲ ಚಿಲಕ

ಜೂನ್ ೧೨, ಗುರುವಾರ

ಎದೆ ಇನ್ನೂ ಡವಡವ ಅನ್ನುತ್ತಿದೆ. ಮನೆ ಮಾರಿದ್ದೇ ಮರೆತು, ಕೆಲಸ ಮುಗಿಸಿ ಸೀದಾ ಹಳೇ ಮನೆಗೇ ಹೋಗಿದ್ದೇನೆ! ಎಂದಿನಂತೆ ಕಿಟಕಿಯೊಳಗೆ ಕೈ ತೂರಿಸಿ, ಹಿತ್ತಲ ಬಾಗಿಲ ಚಿಲಕ ಎತ್ತಿ, "ಅಮ್ಮಾ, ಹಸಿವು" ಎನ್ನುತ್ತ ಅಡುಗೆಮನೆಗೆ ನುಗ್ಗಿದೆ. ಎದುರಿಗೆ ಬನಿಯನ್ನಿನಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಹೊಸ ಯಜಮಾನರು, ಕೈಯಲ್ಲಿ ಚಾಕು!

ಅವರು ಬೈಯಲಿಲ್ಲ. "ನೀವೂ ಬಂದ್ರಾ? ನಿಮ್ಮಪ್ಪ ದಿನಾ ಬೆಳಿಗ್ಗೆ ಹೀಗೇ ಬರ್ತಾರೆ. ಇವತ್ತು ಕಾಫಿನೂ ಕುಡಿದು ಹೋದ್ರು" ಅಂದರು.

ಅಪ್ಪ! ಮನೆ ಬಿಡುವಾಗ ಅಳುತ್ತಿದ್ದ ನಮ್ಮನ್ನೆಲ್ಲ "ನಾಲ್ಕು ಗೋಡೆಗೆ ಇಷ್ಟು ರಂಪಾನಾ?" ಎಂದು ಗದರಿದ ಅಪ್ಪ!

ರಾತ್ರಿ ಹೊಸ ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪ "ಯಾಕೆ ತಡ?" ಅಂದರು. "ಬಸ್ ಸಿಗಲಿಲ್ಲ" ಅಂದೆ. ನನ್ನ ಬೆರಳಿಗೆ ಮೆತ್ತಿದ್ದ ತುಕ್ಕನ್ನೇ ನೋಡುತ್ತಿದ್ದವರು, ಅಮ್ಮನಿಗೆ ಕೇಳಿಸದ ಹಾಗೆ ಹೇಳಿದರು: "ನಾಳೆ ಆ ಚಿಲಕಕ್ಕೆ ಎಣ್ಣೆ ಬಿಟ್ಟು ಬರ್ತೀನಿ."