ನಮ್ಮ ಕಾಡಿನ ಇದ್ದಿಲು

ಬ್ಲಾಂಟೈರ್, ಸೋಮವಾರ

ಎನೆಲೆಸಿ ಅಕ್ಕನಿಗೆ,

ಅಮ್ಮನ ಕಣ್ಣಿನ ಪಟ್ಟಿ ಬಿಚ್ಚಿದರು, ಚೆನ್ನಾಗಿ ಕಾಣಿಸುತ್ತಿದೆ. ಈ ಪಟ್ಟಣದಲ್ಲಿ ಕಟ್ಟಿಗೆಗೆ ಹೋಗುವವರಿಲ್ಲ, ಎಲ್ಲರೂ ಇದ್ದಿಲು ಕೊಳ್ಳುತ್ತಾರೆ. ಆಸ್ಪತ್ರೆಯಿಂದ ಹೊರಬಂದರೆ ಸಂತೆಯಲ್ಲಿ ಲಾರಿಯಿಂದ ಇದ್ದಿಲಿನ ಚೀಲ ಇಳಿಸುತ್ತಿದ್ದವನು ನಮ್ಮ ಸೋದರಮಾವ, ಊರಿನ ಕಾಡು ಸಮಿತಿಯ ಅಧ್ಯಕ್ಷ! ಒಣಕಡ್ಡಿ ಆಯ್ದೆಯೆಂದು ನಿನ್ನ ಮೇಕೆಯನ್ನು ದಂಡವಾಗಿ ಎಳೆದೊಯ್ದವನು.

“ಯಾವ ಕಾಡಿಂದು, ಮಾವ?” ಎಂದೆ.

“ಕಾದಿದ್ದು ನಾನು. ಕಡಿದ್ರೆ ನಿಂಗೇನೇ?”

ಪ್ರವಾಹದಲ್ಲಿ ಮನೆಗಳು ಕೊಚ್ಚಿಹೋದ ಮೇಲೆ ಬೋಳು ಗುಡ್ಡದಲ್ಲಿ ಕಡಿದ ಮರಗಳ ಬುಡ ಚಿಗುರಿಸಿ ಆ ಕಾಡು ಬೆಳೆಸಿದವಳು ಅಮ್ಮ. ಅವಳು ಅವನನ್ನೇ ದಿಟ್ಟಿಸಿ, “ದಪ್ಪ ಆಗಿದೀಯಲ್ಲೋ ತಮ್ಮಾ,” ಎಂದಳು, ಅಷ್ಟೇ. ಆಮೇಲೆ ಊಟ ಮುಟ್ಟಲಿಲ್ಲ.

ಗುರುವಾರದ ಬಸ್ಸಿಗೆ ಬರುತ್ತೇವೆ, ಮೆಕ್ಕೆಜೋಳ ಬೀಸಿಡು. ಟಪಾಲು ಇಳಿಯುವ ಅಂಗಡಿಯಲ್ಲಿ ಈ ಕಾರ್ಡು ಊರವರೆಲ್ಲರ ಕೈದಾಟಿ ನಿನಗೆ ಸೇರುತ್ತದೆ. ಅದಕ್ಕೆಂದೇ ಲಕೋಟೆ ಕೊಳ್ಳಲಿಲ್ಲ.

ತಂಗಿ ಫಗೇಸಿ