ಕಾಕಾ, ನಿಮ್ಮ ಅಂಗೈಗೆ ಅವ್ವ ಏನಿಟ್ಟಳು ಗೊತ್ತೇ?

ನನ್ನ ಕಾಕಾನಿಗೆ,

ಸುದ್ದಿ ಇದೆ, ಭಾರಿ ಸುದ್ದಿ! ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಆದರೆ ಮೊದಲಿನಿಂದ ಹೇಳದಿದ್ದರೆ ನೀವು ಬೈಯುತ್ತೀರಿ.

ನೇಸರಗಿಯ ಮನೆಯಲ್ಲಿ ನೀವು ಕೊರಳಿನ ಲಿಂಗ ತೆಗೆದು ಅವ್ವನ ಕೈಗೆ ಕೊಟ್ಟ ದಿನ ನೆನಪಿದೆಯೇ? "ಮಠಾ ಬಿಟ್ಟಿ, ಪೂಜಿ ಬಿಟ್ಟಿ. ನಾಳೆ ನಿನ್ನ ಮಣ್ಣ ಮಾಡೂಮುಂದ ಅಂಗೈಯಾಗ ಏನ ಇಡೂದೋ?" ಎಂದು ಅವ್ವ ಕೂಗಾಡಿದಳು. ಸತ್ತವರನ್ನು ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುವವರಲ್ಲವೇ ನಾವು! ಅತ್ತಿಗೆಯ ಸಿಟ್ಟಿಗೆ ನೀವು ನಕ್ಕಿರಿ. "ವೈನಿ, ಒಂದ ರೊಟ್ಟಿ ಇಡ್ರಿ. ದಾರ್ಯಾಗ ಹಸಿವಾಗತೈತಿ."

ಮರುದಿನ ಬೆಳಿಗ್ಗೆ ಪೂಜೆಯ ಹೊತ್ತಿಗೆ, ದಿನಾ ಪೂಜೆಗೆ ಕೂರುತ್ತಿದ್ದ ಅದೇ ಜಾಗದಲ್ಲಿ ಕುಳಿತಿದ್ದಿರಿ. ಲಿಂಗವಿಟ್ಟು ನೋಡುತ್ತಿದ್ದ ಅಂಗೈಯಲ್ಲಿ ಈಗ ಮೊಳಕೆ ಬಂದ ಜೋಳದ ಕಾಳು.

"ಇದಕ್ಕ ಮಂತ್ರ ಬ್ಯಾಡೇನ್ರಿ ಕಾಕಾ?"

"ಸುಮ್ನ ನೋಡವಾ. ಅದರ ಕೆಲಸ ಅದು ಮಾಡಾಕತ್ತೈತಿ."

ಅಂದಿನಿಂದ ನಾನು ನಿಮ್ಮ ಪಕ್ಕಾ ಅಭಿಮಾನಿ. ನಿಮ್ಮ ಅಂಗೈಯಲ್ಲಿ ದಿನಕ್ಕೊಂದು: ಮಲಪ್ರಭಾ ಹೊಳೆಯ ಕಲ್ಲು, ಹತ್ತಿಯ ಹೂವು, ಒಮ್ಮೆ ಕೆಂಪಿರುವೆ ಕೂಡ! ಕಚ್ಚಿದರೂ ನೀವು ಕೈ ಕೊಡವಲಿಲ್ಲ.

ಆಮೇಲೆ ನಾನೂ ಲಿಂಗ ತೆಗೆದೆ. ಬೈಲಹೊಂಗಲದ ನೆಟ್ ಸೆಂಟರಿನಲ್ಲಿ ಕುಳಿತು ಚಾಟ್‌ನಲ್ಲಿ ದೇವರಿಲ್ಲವೆಂದು ವಾದಿಸಿ ಎಲ್ಲರನ್ನೂ ಸೋಲಿಸಿದೆ. ಆದರೆ ಉಣ್ಣಲು ಕುಳಿತರೆ ಕೈ ತಾನೇ ಎದೆಗೆ ಹೋಗುತ್ತಿತ್ತು, ಲಿಂಗ ಮುಟ್ಟಿ ನಮಸ್ಕರಿಸಲು. ಅಲ್ಲಿ ಏನೂ ಇಲ್ಲ. ಗೆದ್ದ ಮೇಲೂ ಇಷ್ಟು ಖಾಲಿ ಏಕೆ? ಕೇಳೋಣವೆಂದರೆ ನೀವು...

ನೀವು ತೀರಿಹೋದ ದಿನ, ಮಣ್ಣು ಮಾಡುವ ಕುಣಿಯ ಹತ್ತಿರ ಹಿರಿಯರೊಬ್ಬರು ಅವ್ವನಿಗೆ ಅಂದರು, "ಅವನ ಲಿಂಗಾ ಕೊಡವಾ, ಇಡೂಣು. ಇನ್ನೇನ ಬ್ಯಾಡ ಅಂತಾನೇನು?" ತಡೆದವಳು ಯಾರು ಹೇಳಿ? ಅವ್ವ! "ಬ್ಯಾಡ್ರಿ. ಅಂವಗ ನೋಡಾಕ ಏನ ಬೇಕು ನನಗ ಗೊತ್ತೈತಿ." ಸೆರಗಿನ ಗಂಟು ಬಿಚ್ಚಿ ನಿಮ್ಮ ಅಂಗೈಗೆ ಜೋಳ ಸುರಿದಳು. ಜೊತೆಗೆ ಒಂದು ರೊಟ್ಟಿ, ಕಾಕಾ! ಅಳುತ್ತಲೇ ನಕ್ಕುಬಿಟ್ಟೆ.

ಈಗ ಸುದ್ದಿ. ಇವತ್ತು ಬೆಳಿಗ್ಗೆ ನಿಮ್ಮ ಜಾಗದಲ್ಲಿ, ಮೊನ್ನೆ ನೆನೆಹಾಕಿದ್ದ ಜೋಳದ ಒಂದು ಮೊಳಕೆ ಹಿಡಿದು ಕುಳಿತೆ. "ಸರಿ ಅತ್ಲಾಗ" ಎಂದು ಅವ್ವ ತನ್ನ ಲಿಂಗದೊಂದಿಗೆ ಪಕ್ಕಕ್ಕೇ ಬಂದಳು. ಪೂಜೆ ಮುಗಿಸಿ ನನ್ನ ಅಂಗೈಗೆ ಇಣುಕಿದಳು. "ಅಯ್ಯ, ನಿನ್ನೆಗಿಂತ ಉದ್ದ ಆಗೇತಲ್ಲ!"

ಮಧ್ಯಾಹ್ನ ಉಣ್ಣುವಾಗ ಕೈ ಮತ್ತೆ ಎದೆಗೆ ಹೋಯಿತು. ಈ ಸಲ ತೆಗೆಯಲಿಲ್ಲ, ಅಲ್ಲೇ ಇಟ್ಟುಕೊಂಡೆ. ಒಳಗೆ ಢವಢವ, ಢವಢವ... ಖಾಲಿ ಎಲ್ಲಿತ್ತು, ಕಾಕಾ? ಅದರ ಕೆಲಸ ಅದು ಮಾಡುತ್ತಲೇ ಇತ್ತು!

ನಿಮ್ಮ ಮಗಳಂಥವಳು