ಬಾನೆಟ್ ಅಡಿಯ ಇಲಿಗೂಡು

ಏಕನಾಥ,

ನಿಮ್ಮ ಹಳೇ ಕಾರಿನ ರೋಗ ಇವತ್ತು ಸಿಕ್ಕಿತು. ಬೆಳಿಗ್ಗೆ ನಿಮ್ಮ ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುವಾಗ ಫ್ಲೈಓವರ್ ಮೇಲೆ ಮತ್ತೆ ತಡವರಿಸಿ, ಗಡಗಡ ನಡುಗಿ ನಿಂತೇಬಿಟ್ಟಿತು. ಹಿಂದೆ ಲಾರಿ. "ನಿನಗೆ ಕ್ಲಚ್ ಬಿಡೋಕೇ ಬರಲ್ಲ ಅಂತ ಏಕು ಹೇಳಿದ್ದು ಸರಿ" ಅಂದವರೇ ಅಮ್ಮ ಇಳಿದು, ಆಟೋ ಹತ್ತಿ ಇಂದಿರಾಪುರಂನ ಮನೆಗೆ ವಾಪಸ್ ಬಂದರು.

ನಾನು ಕಾರನ್ನು ತಳ್ಳಿಸಿಕೊಂಡು ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಬಾನೆಟ್ ಎತ್ತಿ ಮೂಗು ಮುಚ್ಚಿಕೊಂಡ. "ದೇಖಿಯೇ ಮೇಡಂ, ಚೂಹಾ!" ಇಲಿಗೂಡು! ಅದರಲ್ಲಿ ನೀವು ಸೀಟಿನ ಕೆಳಗೆ ಬೀಳಿಸುವ ಪರಾಠಾ ಚೂರುಗಳು, ಸತ್ತು ಕೊಳೆತ ಎರಡು ಮರಿ. ಇಲಿ, ಇಂಜಿನ್‌ಗೆ ಕಿಡಿ ಕೊಡುವ ಕಾಯಿಲ್‌ನ ವೈರನ್ನು ಅರ್ಧ ಕಡಿದಿದೆ. ಕುಲುಕಿದಾಗ ಅದು ಒಮ್ಮೆ ತಾಗುತ್ತದೆ, ಒಮ್ಮೆ ಬಿಡುತ್ತದೆ. ಆರು ತಿಂಗಳು ನನ್ನ ಕಾಲನ್ನು ಬೈದಿರಿ, ಒಂದು ದಿನವೂ ಬಾನೆಟ್ ಎತ್ತಲಿಲ್ಲ. ಇಲಿಗಿಂತ ಅದೇ ನನಗೆ ಹೆಚ್ಚು ಹೇಸಿಗೆ.

ಹೊಸ ವೈರು ಹಾಕಿಸಿ ಕಾರನ್ನು ಮನೆಗೆ ತಂದು ನಿಲ್ಲಿಸಿದ್ದೇನೆ. ಗೂಡನ್ನು ನಾನು ಮುಟ್ಟಿಲ್ಲ, ಅವನಿಗೂ ಮುಟ್ಟಲು ಬಿಡಲಿಲ್ಲ. ಕೈಗವಸು ಸಿಂಕ್ ಕೆಳಗಿದೆ, ನೀವೇ ತೆಗೆಯಿರಿ.

ನಾನು ಮೆಟ್ರೋದಲ್ಲಿ ಆಫೀಸಿಗೆ ಹೊರಟೆ. ಅಮ್ಮ ಮಲಗಿದ್ದಾರೆ. ಎದ್ದ ಮೇಲೆ ಅವರಿಗೆ ಮೊದಲು ನಿಜ ಹೇಳಿ, ಆಮೇಲೆ ಚಹಾ ಕೊಡಿ.

ಸಂಯುಕ್ತಾ